ಎಸರಿಗೆ ಇಡುವ ನೀರು

ಕಳೆದ ಶ್ರಾವಣದಲ್ಲಿ ಪ್ರವಚನದ ನಿಮಿತ್ತ ನಾವು ಜಗಳೂರು ತಾಲ್ಲೂಕಿನ ಒಂದು ಗ್ರಾಮಕ್ಕೆ ಹೋಗಿದ್ದೆವು. ಪ್ರವಚನ ಮುಗಿದು ಪ್ರಸಾದಕ್ಕೆ ಕುಳಿತಾಗ, ಬಡಿಸುತ್ತಿದ್ದ ವೃದ್ಧ ತಾಯಿಯೊಬ್ಬರು ಅನ್ನದ ಬುಟ್ಟಿಯನ್ನು ಕೆಳಗಿರಿಸಿ ಕೇಳಿದರು: "ಶಾಸ್ತ್ರಿಗಳೇ, ಅಕ್ಕಿಯಾಗೆ ವಿಷದ ಲೋಹ ಐತಂತೆ. ಕಾಲೇಜಿಗೆ ಹೋಗೋ ಮೊಮ್ಮಗಳು ಹೇಳ್ತಾಳೆ. ದಿಟವೇನು?"

"ಚಿಂತಿಸಬೇಡಿ ತಾಯಿ, ಎಲ್ಲವೂ ಶಿವನ ಪ್ರಸಾದ" ಎಂದು ಹೇಳಿ ನಾವು ಎಲೆ ಮುಗಿಸಿ ಎದ್ದೆವು. ಆದರೆ ಆ ಮಾತು ಉತ್ತರವಾಗಿರಲಿಲ್ಲ. ತಿಳಿಯದುದನ್ನು ಮುಚ್ಚಿಕೊಳ್ಳುವ ಉಪಾಯವಾಗಿತ್ತು. ಮನಸ್ಸು ಚುಚ್ಚುತ್ತಲೇ ಇದ್ದುದರಿಂದ ಬಲ್ಲವರನ್ನು ಕೇಳಿ, ಗ್ರಂಥಗಳನ್ನು ನೋಡಿ ತಿಳಿದುಕೊಂಡುದನ್ನು ಆ ತಾಯಿಗೂ ಸಹೃದಯ ವಾಚಕರಿಗೂ ಇಲ್ಲಿ ಅರಿಕೆ ಮಾಡುತ್ತಿದ್ದೇವೆ.

ಮೊಮ್ಮಗಳ ಮಾತು ಸುಳ್ಳಲ್ಲ. ಕ್ಯಾಡ್ಮಿಯಂ, ಸೀಸ, ಪಾದರಸ, ಆರ್ಸೆನಿಕ್ ಮೊದಲಾದ ಧಾತುಗಳು ನೀರು ಮತ್ತು ಮಣ್ಣಿನ ಮೂಲಕ ಪೈರನ್ನು ಸೇರಬಲ್ಲವು. ಆರ್ಸೆನಿಕ್ ಎಂದರೆ ನಮ್ಮ ಹಿರಿಯರು ಪಾಷಾಣವೆಂದು ಕರೆಯುತ್ತಿದ್ದ ವಿಷದ ಮೂಲಧಾತು. ಎಲ್ಲ ಧಾನ್ಯಗಳಿಗಿಂತ ಭತ್ತವೇ ಇದನ್ನು ಹೆಚ್ಚಾಗಿ ಹೀರುವುದಕ್ಕೆ ಕಾರಣವಿದೆ. ನೀರು ನಿಲ್ಲಿಸಿದ ಗದ್ದೆಯ ಮಣ್ಣಿನೊಳಗೆ ಗಾಳಿಯಾಡುವುದಿಲ್ಲ. ಆಗ ಕಬ್ಬಿಣದ ಅಂಶಕ್ಕೆ ಅಂಟಿಕೊಂಡಿದ್ದ ಆರ್ಸೆನಿಕ್ ಬಿಡಿಸಿಕೊಂಡು ನೀರಿಗೆ ಬರುತ್ತದೆ. ಭತ್ತದ ಬೇರು ಅದನ್ನು ತನಗೆ ಬೇಕಾದ ಸಿಲಿಕಾನ್ ಎಂದೇ ಭಾವಿಸಿ ಒಳಗೆ ಬಿಟ್ಟುಕೊಳ್ಳುತ್ತದೆ. ಕ್ಯಾಡ್ಮಿಯಂನ ರೀತಿ ಇದಕ್ಕೆ ವಿರುದ್ಧವಾದುದು. ಗದ್ದೆ ಒಣಗಿದಾಗ ಅದು ಹೆಚ್ಚಾಗಿ ಪೈರಿಗೆ ಏರುತ್ತದೆ. ಅಂತರರಾಷ್ಟ್ರೀಯ ಆಹಾರ ಮಾನದಂಡದ ಮಂಡಳಿಯಾದ ಕೋಡೆಕ್ಸ್, ಪಾಲಿಶ್ ಅಕ್ಕಿಯ ಒಂದು ಕಿಲೋದಲ್ಲಿ ವಿಷಕಾರಿ ರೂಪದ ಆರ್ಸೆನಿಕ್ 0.2 ಮಿಲಿಗ್ರಾಂ, ಕ್ಯಾಡ್ಮಿಯಂ 0.4 ಮಿಲಿಗ್ರಾಂ ಮೀರಬಾರದೆಂದು ಮಿತಿ ಹಾಕಿದೆ.

ಮಿತಿ ಮೀರಿದರೆ ಏನಾದೀತೆಂಬುದನ್ನು ಜಪಾನ್ ದೇಶ ಕಂಡಿದೆ. ಅಲ್ಲಿಯ ತೊಯಾಮಾ ಪ್ರಾಂತದಲ್ಲಿ ಕಾಮಿಯೋಕಾ ಗಣಿಯ ಕ್ಯಾಡ್ಮಿಯಂ ಜಿಂಜೂ ನದಿಗೆ ಸೇರಿ, ನದಿಯಿಂದ ಗದ್ದೆಗೆ, ಗದ್ದೆಯಿಂದ ಅನ್ನಕ್ಕೆ ಬಂದಿತು. ಮೂಳೆಗಳು ಮೆದುವಾಗಿ ಮುರಿಯುವ ಆ ರೋಗಕ್ಕೆ ಹೆಚ್ಚಾಗಿ ತುತ್ತಾದವರು ಹೆಂಗಸರು. ಅವರು ನರಳುತ್ತಿದ್ದ "ನೋವು, ನೋವು" ಎಂಬರ್ಥದ "ಇಟಾಯ್-ಇಟಾಯ್" ಎಂಬ ಮಾತೇ ರೋಗದ ಹೆಸರಾಯಿತು. ಮಾಲಿನ್ಯದಿಂದ ಬಂದ ರೋಗವೆಂದು ಅಲ್ಲಿಯ ಸರಕಾರ ಒಪ್ಪಿದ್ದು 1968ರಲ್ಲಿ. ಅಷ್ಟರಲ್ಲಿ ಎಷ್ಟೋ ಜನರ ಬಾಳು ಮುಗಿದಿತ್ತು.

ಅದು ದೂರದ ದೇಶದ ಮಾತೆನ್ನುವಂತಿಲ್ಲ. ನಮ್ಮದೇ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ, ನೀರಿನೊಳಗಿನ ಆರ್ಸೆನಿಕ್‌ನಿಂದ ಜನರ ಅಂಗೈ ಅಂಗಾಲುಗಳ ಚರ್ಮ ಗಡುಸಾಗಿ ಕಲೆಗಳೆದ್ದುದನ್ನು ಸಂಶೋಧಕರು ದಾಖಲಿಸಿದ್ದಾರೆ. ಅದು ಹಳೆಯ ಚಿನ್ನದ ಗಣಿಗಳಿದ್ದ ಶಿಲಾವಲಯ. ಬಿಡದಿಯ ಬಳಿಯ ಬೈರಮಂಗಲ ಕೆರೆಗೆ ವೃಷಭಾವತಿಯು ಬೆಂಗಳೂರಿನ ಕೊಳೆಯನ್ನು ಹೊತ್ತು ತಂದುದರಿಂದ ಅಲ್ಲಿಯ ಮಣ್ಣಿನಲ್ಲಿಯೂ ತರಕಾರಿಯಲ್ಲಿಯೂ ಭಾರಲೋಹಗಳು ಕಂಡುಬಂದವು. ಒಂದೆಡೆ ಕಲ್ಲಿನಿಂದ, ಇನ್ನೊಂದೆಡೆ ಮನುಷ್ಯನ ಕೈಯಿಂದ. ಎರಡೂ ಕಡೆ ವಿಷ ಬಂದ ದಾರಿ ಮಾತ್ರ ಒಂದೇ, ನೀರಿನ ದಾರಿ.

ಇನ್ನು ಜಗಳೂರಿಗೆ ಬರೋಣ. ಇದು ಭತ್ತದ ಸೀಮೆಯಲ್ಲ. ಮೆಕ್ಕೆಜೋಳ, ಶೇಂಗಾ, ರಾಗಿ, ಜೋಳಗಳ ಬೆದ್ದಲು ಭೂಮಿ. ಅನ್ನದ ಅಕ್ಕಿ ಬಹುಪಾಲು ಹೊರಗಿನಿಂದ ಬರುತ್ತದೆ. ಹಾಗಾದರೆ ಇಲ್ಲಿಯವರಿಗೆ ಚಿಂತೆಯೇಕೆಂದು ಕೇಳಬಹುದು. ಆ ದಿನ ಊಟವಾದ ಮೇಲೆ ನಾವು ಅಡುಗೆಯ ಮನೆಯ ಬಾಗಿಲಲ್ಲಿ ನಿಂತು ಕಂಡದ್ದನ್ನು ಹೇಳುತ್ತೇವೆ. ಮೂಲೆಯಲ್ಲಿ ಎರಡು ಕೊಡಗಳಿದ್ದವು. ಒಂದರಲ್ಲಿ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಹಿಡಿದು ತಂದ ನೀರು, ಅದು ಕುಡಿಯಲು. ಇನ್ನೊಂದರಲ್ಲಿ ಕೊಳವೆಬಾವಿಯ ನೀರು, ಅದು ಎಸರಿಗೆ. "ಕುದಿಯುತ್ತಲ್ಲ, ಏನಾಗೋದಿಲ್ಲ" ಎಂಬುದು ಎಲ್ಲರ ನಂಬಿಕೆ.

ಇಲ್ಲಿಯೇ ಮೋಸವಿರುವುದು. ಈ ತಾಲ್ಲೂಕಿನ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇರುವುದು ಬಹುಕಾಲದಿಂದ ತಿಳಿದ ಸಂಗತಿ. ಫ್ಲೋರೈಡ್ ಭಾರಲೋಹವಲ್ಲ, ಆದರೆ ಹಲ್ಲು ಮೂಳೆಗಳನ್ನು ಕೆಡಿಸುವುದರಲ್ಲಿ ಯಾವ ಲೋಹಕ್ಕೂ ಕಡಿಮೆಯಲ್ಲ. ಕುದಿಸುವುದರಿಂದ ಕ್ರಿಮಿಗಳು ಸಾಯುತ್ತವೆ. ಫ್ಲೋರೈಡ್ ಆಗಲಿ, ಆರ್ಸೆನಿಕ್ ಆಗಲಿ ಸಾಯುವ ವಸ್ತುಗಳಲ್ಲ. ನೀರು ಆವಿಯಾದಷ್ಟೂ ಅವು ಉಳಿದ ನೀರಿನಲ್ಲಿ ಗಟ್ಟಿಯಾಗುತ್ತವೆ. ಒಂದು ಪಾವು ಅಕ್ಕಿ ಎರಡು ಪಾವು ನೀರನ್ನು ಕುಡಿದು ಅನ್ನವಾಗುತ್ತದೆ. ಆದ್ದರಿಂದ ಕೊಡದಿಂದ ಕುಡಿಯದೆ ಬಿಟ್ಟ ನೀರನ್ನೇ ನಾವು ಅನ್ನದಲ್ಲಿ ಉಣ್ಣುತ್ತೇವೆ.

ಆ ತಾಯಿಗೆ ನಾವು ಅಂದೇ ಹೇಳಬೇಕಾಗಿದ್ದ ಮೊದಲ ಮಾತು ಇದು: ಕುಡಿಯುವ ನೀರೂ ಎಸರಿನ ನೀರೂ ಒಂದೇ ಆಗಿರಲಿ. ಎರಡನೆಯದಾಗಿ, ಅಕ್ಕಿಯನ್ನು ಎರಡು ಮೂರು ಬಾರಿ ಚೆನ್ನಾಗಿ ತೊಳೆಯಿರಿ. ನಮ್ಮ ಅಜ್ಜಿಯಂದಿರು ಧಾರಾಳ ನೀರಿಟ್ಟು ಅನ್ನ ಮಾಡಿ ಗಂಜಿ ಬಸಿಯುತ್ತಿದ್ದರು. ಕುಕ್ಕರ್ ಬಂದ ಮೇಲೆ ಬಸಿಯುವುದು ಮರೆತುಹೋಯಿತು. ಶುದ್ಧ ನೀರಿನಲ್ಲಿ ಹೀಗೆ ಬಸಿದರೆ ಆರ್ಸೆನಿಕ್‌ನ ಒಂದು ದೊಡ್ಡ ಪಾಲು ಗಂಜಿಯೊಡನೆ ಹೊರಟುಹೋಗುತ್ತದೆ. ಕೆಲವು ಜೀವಸತ್ವಗಳೂ ಹೋಗುತ್ತವೆ ಎಂಬುದನ್ನು ಮುಚ್ಚಿಡಬಾರದು. ಕ್ಯಾಡ್ಮಿಯಂ ಮಾತ್ರ ಇಷ್ಟು ಸುಲಭವಾಗಿ ಬಿಡುವುದಿಲ್ಲ. ಆದ್ದರಿಂದ ಮೂರನೆಯ ಮಾತು: ಮೂರು ಹೊತ್ತೂ ಅನ್ನವೇ ಆಗದಿರಲಿ. ಜೋಳದ ರೊಟ್ಟಿ, ರಾಗಿ ಮುದ್ದೆ, ನವಣೆಯ ಅನ್ನ ಈ ನೆಲದ ಆಹಾರ. ನೀರು ನಿಲ್ಲದ ಹೊಲದಲ್ಲಿ ಬೆಳೆಯುವ ಈ ಧಾನ್ಯಗಳಿಗೆ ಆರ್ಸೆನಿಕ್‌ನ ಬಾಧೆ ಸಾಮಾನ್ಯವಾಗಿ ಕಡಿಮೆ. ಎಳೆಯ ಮಕ್ಕಳಿಗಂತೂ ಅಕ್ಕಿಯ ಗಂಜಿಯೊಂದನ್ನೇ ಉಣಿಸಬಾರದು; ದೇಹದ ತೂಕಕ್ಕೆ ಹೋಲಿಸಿದರೆ ಅವರು ಉಣ್ಣುವುದು ನಮಗಿಂತ ಹೆಚ್ಚು.

ಅಡುಗೆಮನೆಯ ಮಾತು ಇಷ್ಟಾಯಿತು. ಊರ ಹಿರಿಯರಿಗೂ ಒಂದು ಮಾತುಂಟು. ಹರಿಹರ ತಾಲ್ಲೂಕಿನ ದೀಟೂರಿನ ಬಳಿ ತುಂಗಭದ್ರೆಯಿಂದ ನೀರೆತ್ತಿ ಜಗಳೂರು ಭಾಗದ 57 ಕೆರೆಗಳನ್ನು ತುಂಬಿಸುವ ಯೋಜನೆ ಈ ಬರದ ನಾಡಿನ ಬಹುಕಾಲದ ಕನಸು. ಬತ್ತಿದ ಕೆರೆಯಲ್ಲಿ ನೀರು ಕಂಡವರ ಸಂತೋಷ ನಮಗೂ ಸಂತೋಷವೇ. ನೀರು ಬಂದೊಡನೆ ಭತ್ತ ಹಾಕುವ ಆಸೆಯೂ, ಕೆರೆಯ ಹೂಳನ್ನು ಹೊಲಕ್ಕೆ ಹೊಡೆಯುವ ಉತ್ಸಾಹವೂ ಸಹಜ. ಆದರೆ ಇದೇ ನದಿಯ ದಂಡೆಯ ಜನ 1980ರ ದಶಕದಲ್ಲಿ ಹರಿಹರದ ಸುತ್ತ ಕಾರ್ಖಾನೆಯ ತ್ಯಾಜ್ಯದ ವಿರುದ್ಧ ಹೋರಾಡಬೇಕಾಯಿತೆಂಬುದನ್ನು ಮರೆಯಲಾಗದು. ಇಂದಿನ ನೀರನ್ನು ದೂರುವುದಕ್ಕೆ ಈ ಮಾತು ಹೇಳುತ್ತಿಲ್ಲ. ಪರೀಕ್ಷಿಸಿ ನಂಬಬೇಕೆಂಬುದಷ್ಟೇ ನಮ್ಮ ಆಶಯ.

ರೈತರ ಕೈಯಲ್ಲಿರುವ ಮಣ್ಣು ಆರೋಗ್ಯ ಚೀಟಿ 12 ಅಂಶಗಳನ್ನು ತಿಳಿಸುತ್ತದೆ. ಸತು, ಕಬ್ಬಿಣ, ತಾಮ್ರ ಅದರಲ್ಲಿವೆ. ಆರ್ಸೆನಿಕ್, ಕ್ಯಾಡ್ಮಿಯಂ, ಸೀಸಗಳಿಲ್ಲ. ಆದಕಾರಣ ಚೀಟಿ ಚೆನ್ನಾಗಿದೆಯೆಂದು ನಿಶ್ಚಿಂತರಾಗುವಂತಿಲ್ಲ. ವರ್ಷಕ್ಕೊಮ್ಮೆಯಾದರೂ ಕೆರೆಯ ನೀರು, ಹೂಳು, ಊರ ಕೊಳವೆಬಾವಿ ಈ ಮೂರನ್ನೂ ಭಾರಲೋಹಗಳಿಗಾಗಿ ಪರೀಕ್ಷೆ ಮಾಡಿಸಿ, ಬಂದ ಫಲಿತಾಂಶವನ್ನು ಪಂಚಾಯಿತಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಸಬೇಕೆಂದು ಗ್ರಾಮಸಭೆಯಲ್ಲಿ ಕೇಳಿರಿ. ಜಾತ್ರೆಗೆ ಪಟ್ಟಿ ಎತ್ತುವ ಊರಿಗೆ ಇದು ಭಾರವಾದ ಖರ್ಚಲ್ಲ.

ದಾಸೋಹವೆಂದರೆ ಹಸಿದವನಿಗೆ ಬಡಿಸುವುದು ಮಾತ್ರವಲ್ಲ. ಬಡಿಸಿದ್ದು ಅವನಿಗೆ ಹಿತವಾಗುವಂತೆ ನೋಡಿಕೊಳ್ಳುವುದೂ ಹೌದು. ಬರುವ ಶ್ರಾವಣಕ್ಕೆ ನಾವು ಮತ್ತೆ ಆ ಗ್ರಾಮಕ್ಕೆ ಹೋಗುವವರಿದ್ದೇವೆ. ಈ ಸಲ ಪ್ರವಚನಕ್ಕೆ ಮೊದಲು ಅಡುಗೆಮನೆಗೆ ಹೋಗಿ, ಎಸರಿಗೆ ಯಾವ ಕೊಡದ ನೀರೆಂದು ಕೇಳುತ್ತೇವೆ.