ಎಂಜಿನ್ ಆರಿಸಿದರೂ ಕಾರು ಮಲಗಿರುವುದಿಲ್ಲ

ಆಯುಧಪೂಜೆಯ ದಿನ ಕಾರಿಗೆ ಸಿಗುವ ಉಪಚಾರ ಮನೆಯ ಅಳಿಯನಿಗೂ ಸಿಗುವುದಿಲ್ಲ. ಬೆಳಿಗ್ಗೆಯೇ ಸ್ನಾನ, ಎದುರಿಗೆ ಬಾಳೆಕಂದು, ಬಾನೆಟ್ಟಿನ ಮೇಲೆ ಚೆಂಡುಹೂವಿನ ಹಾರ, ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು. ಆದರೆ ಅಂದು ಕೂಡ ಬಾನೆಟ್ ಎತ್ತಿ ಒಳಗೆ ಇಣುಕುವವರು ಕಡಿಮೆ. ಅದು ಮೆಕ್ಯಾನಿಕ್‌ಗೆ ಬಿಟ್ಟ ವಿಷಯ ಎಂಬುದು ಹೆಚ್ಚಿನವರ ನಂಬಿಕೆ.

ನಿಜ ಹೇಳಬೇಕೆಂದರೆ ಟೈರಿನ ಗಾಳಿ, ಎಂಜಿನ್ ಆಯಿಲ್, ಕೂಲೆಂಟ್, ಬ್ಯಾಟರಿ, ವೈಪರ್ ಇಷ್ಟನ್ನು ನೋಡಿಕೊಳ್ಳಲು ಭಾನುವಾರದ ಅರ್ಧ ಗಂಟೆ ಸಾಕು. ಪಕ್ಕದಲ್ಲಿ ಹೈಸ್ಕೂಲಿಗೆ ಹೋಗುವ ಮಗಳೋ ಮಗನೋ ನಿಂತಿದ್ದರೆ ಇನ್ನೂ ಒಳ್ಳೆಯದು. ವಿಜ್ಞಾನದ ಪುಸ್ತಕದಲ್ಲಿ ಉರು ಹೊಡೆದ ಪಾಸ್ಕಲನ ನಿಯಮ, ಕುದಿಬಿಂದು, ವಿದ್ಯುದ್ವಿಭಜನೆ ಎಲ್ಲವೂ ಮನೆಯಂಗಳದಲ್ಲೇ ಕಣ್ಣಿಗೆ ಕಾಣುತ್ತವೆ.

ಆದರೆ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮುನ್ನ ಒಂದು ಮಾತು ತಿಳಿದಿರಬೇಕು. ಕೀಲಿ ತಿರುಗಿಸಿ ಎಂಜಿನ್ ಆರಿಸಿದ ಮಾತ್ರಕ್ಕೆ ಕಾರು ಸಾಧುವಾಗುವುದಿಲ್ಲ. ಭಾರ, ಒತ್ತಡ, ವಿದ್ಯುತ್ತು, ವಿಷ ಈ ನಾಲ್ಕೂ ಅದರೊಳಗೆ ಸದ್ದಿಲ್ಲದೆ ಕುಳಿತಿರುತ್ತವೆ.

ಹದಿಮೂರು ಮೂಟೆ ಅಕ್ಕಿ

1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800 ಹಗುರ ಕಾರೆಂದೇ ಹೆಸರಾಗಿತ್ತು. ಅದರ ತೂಕವೂ ಸುಮಾರು 650 ಕಿಲೋ, ಅಂದರೆ 50 ಕಿಲೋದ ಹದಿಮೂರು ಅಕ್ಕಿ ಮೂಟೆಗಳಷ್ಟು. ಇಂದಿನ ಅನೇಕ ಸಣ್ಣ ಕಾರುಗಳು 800 ಕಿಲೋ ದಾಟುತ್ತವೆ. ಇಷ್ಟು ಭಾರವನ್ನು ಒಬ್ಬರೇ ಒಂದು ಕೈಯಲ್ಲಿ ಮೇಲೆತ್ತಬಹುದು. ಹೈಡ್ರಾಲಿಕ್ ಜ್ಯಾಕಿನಲ್ಲಿ ಸಣ್ಣ ಪಿಸ್ಟನ್ನಿನ ಮೇಲೆ ಹಾಕಿದ ಒತ್ತಡ ಎಣ್ಣೆಯ ಮೂಲಕ ದೊಡ್ಡ ಪಿಸ್ಟನ್ನಿಗೆ ತಲುಪಿ ಬಲವನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ಪಾಸ್ಕಲ್ ಹೇಳಿದ್ದು ಇದನ್ನೇ. ಆದರೆ ಆ ಎಣ್ಣೆಯನ್ನು ತಡೆದು ನಿಲ್ಲಿಸಿರುವುದು ಒಂದು ಸಣ್ಣ ಸೀಲ್. ಅದು ಸವೆದಿದ್ದರೆ ಎಣ್ಣೆ ಸೋರುತ್ತದೆ, ಕಾರು ಕೆಳಗಿಳಿಯುತ್ತದೆ. ಕಾರಿನ ಜೊತೆ ಬರುವ ಕತ್ತರಿಯಾಕಾರದ ಜ್ಯಾಕ್ ಅಂತೂ ಸ್ಟೆಪ್ನಿ ಬದಲಾಯಿಸಲು ಮಾತ್ರ. ನೆಲ ಸ್ವಲ್ಪ ಓರೆಯಾಗಿದ್ದರೂ ಅದು ವಾಲೀತು.

ಜ್ಯಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಹೊರುವ ಕೆಲಸಕ್ಕೆ ಕಬ್ಬಿಣದ ಸ್ಟ್ಯಾಂಡುಗಳೇ ಬೇಕು. ಇಟ್ಟಿಗೆ, ಹಾಲೋ ಬ್ಲಾಕ್‌ಗಳು ಮುನ್ಸೂಚನೆಯಿಲ್ಲದೆ ಒಡೆಯುತ್ತವೆ, ಸೈಜುಗಲ್ಲು ಜಾರುತ್ತದೆ. ಸ್ಟ್ಯಾಂಡ್ ಇಲ್ಲದಿದ್ದರೆ ಕಾರಿನಡಿಗೆ ತಲೆಯಿರಲಿ, ಕೈಯನ್ನೂ ತೂರಿಸಬಾರದು.

ಪಂಚರ್ ಆದ ಚಕ್ರ ಬಿಚ್ಚುವುದಕ್ಕೂ ಒಂದು ಕ್ರಮವುಂಟು. ಸಮತಟ್ಟಾದ ಗಟ್ಟಿ ನೆಲ, ಹ್ಯಾಂಡ್ ಬ್ರೇಕ್, ಮೊದಲ ಗೇರ್, ಎದುರು ಮೂಲೆಯ ಚಕ್ರಕ್ಕೆ ಹಿಂದೆ ಮುಂದೆ ಅಡ್ಡಗಲ್ಲು. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಬೇಕು. ಎತ್ತಿದ ಮೇಲೆ ಸ್ಪ್ಯಾನರ್ ಜಗ್ಗಿದರೆ ಕಾರೇ ಜ್ಯಾಕಿನಿಂದ ಜಾರಬಹುದು. ಕೆಲಸ ಮುಗಿಯುವ ತನಕ ಸ್ಟೆಪ್ನಿಯನ್ನು ಕಾರಿನ ಅಂಚಿನಡಿ ಮಲಗಿಸಿಟ್ಟರೆ ಜ್ಯಾಕ್ ಕೈಕೊಟ್ಟರೂ ಕಾರು ಪೂರ್ತಿ ನೆಲಕ್ಕೆ ಕುಸಿಯುವುದಿಲ್ಲ. ನಟ್ಟುಗಳನ್ನು ಒಂದಾದ ಮೇಲೆ ಎದುರಿನದನ್ನು ಬಿಗಿಯುತ್ತ ಹೋಗಿ, ಕೊನೆಯ ಬಿಗಿತವನ್ನು ಕಾರು ಇಳಿಸಿದ ಮೇಲೆ ಕೊಡಬೇಕು.

ಬಾನೆಟ್ಟಿನಡಿಯ ಕುಕ್ಕರ್

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗೆ ಮುನ್ನವೇ, ಸುಮಾರು 97 ಡಿಗ್ರಿಯಲ್ಲಿ ಕುದಿಯುತ್ತದೆ. ಒತ್ತಡ ಕಡಿಮೆಯಾದರೆ ಕುದಿಬಿಂದು ಇಳಿಯುತ್ತದೆ, ಹೆಚ್ಚಿದರೆ ಏರುತ್ತದೆ. ಅಡುಗೆಮನೆಯ ಕುಕ್ಕರಿನೊಳಗೆ ನೀರು ಸುಮಾರು 120 ಡಿಗ್ರಿಯವರೆಗೂ ಕಾಯುವುದು ಇದರಿಂದಲೇ. ಕಾರಿನ ರೇಡಿಯೇಟರ್ ಕೂಡ ಇಂಥದೇ ಕುಕ್ಕರ್. ಅದರ ಮುಚ್ಚಳ ಒತ್ತಡವನ್ನು ಹಿಡಿದಿಡುವುದರಿಂದ ನೂರು ಡಿಗ್ರಿ ದಾಟಿದರೂ ಒಳಗಿನ ದ್ರವ ಕುದಿಯದೆ ಇರುತ್ತದೆ.

ಶಿರಾಡಿ ಘಾಟಿ ಏರಿ ಬಂದ ಕಾರಿನ ಮುಚ್ಚಳವನ್ನು ಬಟ್ಟೆ ಹಿಡಿದು ತಿರುಗಿಸಿದರೆ ಏನಾಗುತ್ತದೆ? ಒತ್ತಡ ಒಮ್ಮೆಗೇ ಇಳಿಯುತ್ತದೆ, ಕಾದ ನೀರು ಕ್ಷಣದಲ್ಲಿ ಹಬೆಯಾಗಿ ಮುಖಕ್ಕೇ ಚಿಮ್ಮುತ್ತದೆ. ಪ್ರೆಶರ್ ಇಳಿಯದೆ ಕುಕ್ಕರ್ ಮುಚ್ಚಳ ತೆಗೆಯಬಾರದೆಂದು ಪ್ರತಿ ಮನೆಯ ತಾಯಿಗೂ ಗೊತ್ತು. ಆ ತಿಳಿವಳಿಕೆ ಅಂಗಳಕ್ಕೂ ಬರಬೇಕು. ಕೂಲೆಂಟ್ ನೋಡಲು ತಕ್ಕ ಹೊತ್ತು ಬೆಳಿಗ್ಗೆ, ಎಂಜಿನ್ ಚಾಲೂ ಮಾಡುವ ಮೊದಲು. ಈಗಿನ ಕಾರುಗಳಲ್ಲಿ ಪಕ್ಕದ ಪ್ಲಾಸ್ಟಿಕ್ ಡಬ್ಬದ ಮೇಲಿನ ಎರಡು ಗೆರೆಗಳ ನಡುವೆ ದ್ರವವಿದ್ದರೆ ಮುಚ್ಚಳ ಮುಟ್ಟುವ ಅಗತ್ಯವೇ ಇಲ್ಲ. ರೇಡಿಯೇಟರಿನ ಫ್ಯಾನನ್ನೂ ನಂಬಬಾರದು. ಅನೇಕ ಕಾರುಗಳಲ್ಲಿ ಎಂಜಿನ್ ಆರಿಸಿದ ಮೇಲೂ ಅದು ತಾನಾಗಿ ತಿರುಗತೊಡಗುತ್ತದೆ.

ಮೊದಲು ಮೈನಸ್

ಸೀಸ ಮತ್ತು ಆಮ್ಲದ ಬ್ಯಾಟರಿಯನ್ನು 1859ರಲ್ಲಿ ರೂಪಿಸಿದವನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ. ಅದರ 12 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲವೆಂದು ಜನ ಸದರ ಮಾಡುತ್ತಾರೆ. ಆದರೆ ಎಂಜಿನ್ ಎಬ್ಬಿಸಲು ಅದು ನೂರಾರು ಆಂಪಿಯರ್ ವಿದ್ಯುತ್ತನ್ನು ಹರಿಸಬಲ್ಲದು. ಉಂಗುರವೋ ಬಳೆಯೋ ಎರಡು ಟರ್ಮಿನಲ್‌ಗಳಿಗೆ ತಗುಲಿದರೆ ಕ್ಷಣದಲ್ಲಿ ಕಾದು ಚರ್ಮ ಸುಡುತ್ತದೆ. ಮೊದಲು ಅವನ್ನು ತೆಗೆದಿಡಬೇಕು.

ಬಿಚ್ಚುವಾಗ ಮೈನಸ್ ಮೊದಲು, ಜೋಡಿಸುವಾಗ ಮೈನಸ್ ಕೊನೆಗೆ. ಏಕೆಂದು ಮಕ್ಕಳನ್ನೇ ಕೇಳಬಹುದು. ಕಾರಿನ ಕಬ್ಬಿಣದ ಮೈ ಮೈನಸ್ಸಿಗೆ ಜೋಡಣೆಯಾಗಿರುತ್ತದೆ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಮೈಗೆ ತಗುಲಿದರೆ ಮಂಡಲ ಪೂರ್ಣವಾಗಿ ಕಿಡಿ ಹಾರುತ್ತದೆ. ಮೈನಸ್ ಮೊದಲೇ ಕಳಚಿದ್ದರೆ ಮಂಡಲವೇ ಇಲ್ಲ. ಕಿಡಿಗೆ ಇಷ್ಟು ಹೆದರುವುದೇಕೆ? ಚಾರ್ಜ್ ಆಗುವಾಗ ಬ್ಯಾಟರಿಯೊಳಗಿನ ನೀರು ವಿಭಜನೆಯಾಗಿ ಜಲಜನಕ ಹೊರಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 4 ಪಾಲು ಸೇರಿದರೆ ಸಾಕು, ಸ್ಫೋಟಿಸಬಲ್ಲದು. ಆದ್ದರಿಂದ ಬೀಡಿ, ಸಿಗರೇಟು, ಊದುಬತ್ತಿ ಯಾವುದೂ ಹತ್ತಿರ ಬೇಡ. ನೀರು ಹಾಕುವ ಬಗೆಯ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ. ಆ್ಯಸಿಡ್ ಬೇಡ, ನಲ್ಲಿ ನೀರೂ ಬೇಡ. ಆಮ್ಲ ಕಣ್ಣಿಗೆ ಸಿಡಿದರೆ ಕನಿಷ್ಠ 15 ನಿಮಿಷ ನೀರು ಹರಿಸಿ ತೊಳೆದು ತಕ್ಷಣ ವೈದ್ಯರಲ್ಲಿಗೆ ಹೋಗಬೇಕು.

ಸಿಹಿಯಾದ ವಿಷ

ಮಳೆಗಾಲದಲ್ಲಿ ಷೆಡ್ಡಿನ ಬಾಗಿಲೆಳೆದುಕೊಂಡು ಎಂಜಿನ್ ಓಡಿಸುವುದು ಪ್ರಾಣಕ್ಕೇ ಸಂಚಕಾರ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆ ಸುತ್ತಿತೆನ್ನುವಷ್ಟರಲ್ಲಿ ಎದ್ದು ಹೊರಬರುವ ಶಕ್ತಿಯೇ ಉಡುಗಿರಬಹುದು.

ಇನ್ನೊಂದು ವಿಷ ನೋಡಲು ಶರಬತ್ತಿನಂತಿದೆ. ಹಸಿರು, ಗುಲಾಬಿ ಬಣ್ಣದ ಕೂಲೆಂಟ್‌ನಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಮೂತ್ರಪಿಂಡಕ್ಕೆ ಮಾರಕ. ಮಿಕ್ಕಿದ್ದನ್ನು ತಂಪುಪಾನೀಯದ ಬಾಟಲಿಗೆ ತುಂಬಿ ಮೂಲೆಯಲ್ಲಿಡುವ ಅಭ್ಯಾಸ ಅನೇಕ ಮನೆಗಳಲ್ಲಿದೆ. ಬಾಯಾರಿದ ಮಗುವಿಗೆ ಬಾಟಲಿಯಷ್ಟೇ ಕಾಣುತ್ತದೆ. ಪೈಪಿಗೆ ಬಾಯಿಟ್ಟು ಪೆಟ್ರೋಲ್ ಎಳೆಯುವುದೂ ಅಷ್ಟೇ ಕೆಟ್ಟದ್ದು. ಅದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಕುತ್ತು.

ಮಾಡಬಹುದಾದದ್ದು, ಬಿಡಬೇಕಾದದ್ದು

ಹಾಗೆಂದು ಹೆದರಿ ಕೈಕಟ್ಟಿ ಕೂರಬೇಕಿಲ್ಲ. ಟೈರಿನ ಗಾಳಿಯನ್ನು ಕಾರು ಓಡುವ ಮೊದಲೇ ಅಳೆಯಬಹುದು. ಎಷ್ಟಿರಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುತ್ತದೆ; ಟೈರಿನ ಮೈಮೇಲೆ ಅಚ್ಚಾಗಿರುವುದು ಅದು ತಾಳುವ ಗರಿಷ್ಠ ಮಿತಿ. ಕಚ್ಚು 1.6 ಮಿಲಿಮೀಟರ್‌ಗೆ ಸವೆದಿದ್ದರೆ ಟೈರ್ ಬದಲಿಸಬೇಕು. ಆಯಿಲ್ ನೋಡಲು ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಕೆಲವು ನಿಮಿಷ ಕಾದು, ಡಿಪ್‌ಸ್ಟಿಕ್ ಒರೆಸಿ ಮತ್ತೆ ಅದ್ದಬೇಕು. ಇದೆಲ್ಲ ಮಕ್ಕಳೂ ದೊಡ್ಡವರ ಎದುರಿಗೆ ಮಾಡಬಹುದಾದ ಕೆಲಸ. ಇಳಿಬಿಟ್ಟ ದುಪಟ್ಟಾ, ಬಿಚ್ಚಿದ ಕೂದಲು ಬಾನೆಟ್ಟಿನ ಹತ್ತಿರ ಸುಳಿಯದಿರಲಿ. ಕಾರಿನ ಕೀಲಿ ಕೆಲಸ ಮಾಡುವವರ ಜೇಬಿನಲ್ಲೇ ಇರಲಿ. ಗೇರಿನಲ್ಲಿರುವ ಕಾರಿಗೆ ಮಗು ಕೀಲಿ ತಿರುಗಿಸಿದರೆ ಅದು ಮುಂದಕ್ಕೆ ಜಿಗಿಯಬಹುದು.

ಬ್ರೇಕ್, ಸ್ಟೀರಿಂಗ್, ಏರ್‌ಬ್ಯಾಗ್, ಪೆಟ್ರೋಲ್ ಪೈಪು ಇವು ತಿಳಿದವರ ಕೆಲಸ. ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳ ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳಲ್ಲಿ ನೂರಾರು ವೋಲ್ಟ್ ಇರುತ್ತದೆ; ಅವನ್ನಂತೂ ಮುಟ್ಟಲೇಬಾರದು.

ಮಕ್ಕಳು ಹೇಳಿದ್ದನ್ನು ಕಲಿಯುವುದಕ್ಕಿಂತ ಕಂಡದ್ದನ್ನು ಕಲಿಯುವುದೇ ಹೆಚ್ಚು. ಅಪ್ಪ 'ಒಂದೇ ನಿಮಿಷ' ಎಂದು ಬರೀ ಜ್ಯಾಕಿನ ಮೇಲಿರುವ ಕಾರಿನಡಿ ತೂರಿದರೆ, ಮಗ ಕಲಿಯುವುದು ರಿಪೇರಿಯನ್ನಲ್ಲ, ಆ 'ಒಂದೇ ನಿಮಿಷ'ವನ್ನು. ಅಪ್ಪ ಎದ್ದು ಹೋಗಿ ಸ್ಟ್ಯಾಂಡ್ ತಂದಿಟ್ಟು, ಕಾರನ್ನೊಮ್ಮೆ ಅಲುಗಾಡಿಸಿ ನೋಡಿ ಆಮೇಲೆ ಕೈಹಾಕಿದರೆ ಅವನು ಅದನ್ನೂ ಕಲಿಯುತ್ತಾನೆ. ಮುಂದೊಂದು ದಿನ, ಯಾವುದೋ ಹೆದ್ದಾರಿಯ ಬದಿಯಲ್ಲಿ ಒಬ್ಬನೇ ಪಂಚರ್ ಚಕ್ರ ಬಿಚ್ಚುವಾಗ, ಅವನ ಕೈ ತಾನಾಗಿ ಅಡ್ಡಗಲ್ಲಿಗಾಗಿ ಹುಡುಕುತ್ತದೆ.