ಪತ್ತೇದಾರನ ಜೇಬು

ಅಮೆರಿಕದ ದೂರದರ್ಶನದಲ್ಲಿ 1971ರಿಂದ ನಿಯತವಾಗಿ ಪ್ರಸಾರಗೊಂಡ ‘ಕೊಲಂಬೋ’ ಪತ್ತೇದಾರಿ ಧಾರಾವಾಹಿಯಲ್ಲಿ ಕೊಲೆಗಾರನಾರೆಂಬುದು ಪ್ರೇಕ್ಷಕರಿಗೆ ಮೊದಲೇ ತಿಳಿದಿರುತ್ತಿತ್ತು. ಉಳಿಯುತ್ತಿದ್ದುದು ಒಂದೇ ಕುತೂಹಲ: ಮುದುಡಿದ ಮಳೆಯಂಗಿ ತೊಟ್ಟ ಈ ಪೆದ್ದನಂತಹ ಪೊಲೀಸ್ ಅಧಿಕಾರಿ ಆ ಜಾಣ ಹಂತಕನ ತಾಳ್ಮೆ ಕೆಡಿಸುವುದು ಹೇಗೆ?

ನಾಯಕನಟ ಪೀಟರ್ ಫಾಕ್ ಅದನ್ನು ಬರೆದುಕೊಟ್ಟ ಮಾತಿನಿಂದಷ್ಟೇ ಸಾಧಿಸುತ್ತಿರಲಿಲ್ಲ. ಕ್ಯಾಮೆರಾ ಓಡುತ್ತಿರುವಾಗಲೇ, ಸಂಭಾಷಣೆಯ ಪ್ರತಿಯಲ್ಲಿ ಇಲ್ಲದಿದ್ದರೂ, ಜೇಬುಗಳನ್ನೆಲ್ಲ ತಡಕಾಡುವರು; ಪೆನ್ಸಿಲ್ ಸಿಗದು; ಎದುರಿನವರನ್ನೇ ಕೇಳುವರು. ಸಹನಟನಿಗೆ ಮುನ್ಸೂಚನೆಯೇ ಇಲ್ಲ. ಪಾಪ, ನಾಲಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡು ಆತ ನಿಲ್ಲಬೇಕು! ಆಗ ಮುಖದಲ್ಲಿ ಮೂಡುವ ಕಿರಿಕಿರಿ ಅಭಿನಯವಲ್ಲ, ಅಪ್ಪಟ ನಿಜ. ಫಾಕ್ ಅವರಿಗೆ ಬೇಕಾಗಿದ್ದುದೂ ಅದೇ.

ನಮ್ಮ ಕಂಪನಿ ನಾಟಕಗಳನ್ನು ಕಂಡವರಿಗೆ ಇದು ತೀರ ಹೊಸತಲ್ಲ. ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ದಲ್ಲಿ ಅಂದಂದಿನ ರಾಜಕೀಯವನ್ನೇ ಹಿಡಿದು ಮಾತು ಬೆಳೆಸುತ್ತಿದ್ದರು, ಜೊತೆಯವರು ಎಚ್ಚರದಿಂದಿರಲೇಬೇಕಿತ್ತು. ಆದರೆ ರಂಗದ ಮೇಲೆ ಸಭಿಕರ ನಗೆ ಸಹನಟನ ನೆರವಿಗೆ ಬರುತ್ತದೆ. ನಿಶ್ಶಬ್ದವಾದ ಸ್ಟುಡಿಯೋದಲ್ಲಿ ಆ ಆಸರೆಯೂ ಇಲ್ಲ.

ಹಾಗೆಂದು ಫಾಕ್ ಅವರನ್ನು ಬರಿದೇ ಕಾಡುವ ನಟರೆನ್ನುವುದು ಅನ್ಯಾಯ. ಪಾತ್ರಕ್ಕಾಗಿ ಅವರು ಅನ್ಯರಿಂದ ಮಾತ್ರ ನಿಜವನ್ನು ಬೇಡಲಿಲ್ಲ. ಆ ಹೆಸರಾಂತ ಮಳೆಯಂಗಿ ಸ್ಟುಡಿಯೋದವರು ಕೊಟ್ಟದ್ದಲ್ಲ, ಅವರದೇ ಸ್ವಂತದ್ದು. ಆ ಓರೆನೋಟವೂ ವೇಷವಲ್ಲ: 3 ವರ್ಷದ ಮಗುವಾಗಿದ್ದಾಗಲೇ ರೋಗಪೀಡಿತವಾದ ಬಲಗಣ್ಣನ್ನು ತೆಗೆಸಬೇಕಾಗಿ ಬಂದು, ಗಾಜಿನ ಕಣ್ಣು ಧರಿಸಿದ್ದರು. 1968ರ ಚಿತ್ರವೊಂದರಲ್ಲಿ ಮೊದಲು ತೊಟ್ಟ ಈ ಪಾತ್ರವನ್ನು 2003ರ ಕೊನೆಯ ಕಂತಿನಲ್ಲಿ ಕಳಚಿಟ್ಟಾಗ ಅವರಿಗೆ 75 ವರ್ಷ.