ಕರುಳಿನ ಪರೀಕ್ಷೆ: ಅರ್ಧ ಕೆಲಸ ಮನೆಯಲ್ಲೇ

ಮಕ್ಕಳಿಗೆ ಪರೀಕ್ಷೆ ಬಂತೆಂದರೆ ಮನೆಮಂದಿಯೆಲ್ಲ ಸಜ್ಜಾಗುತ್ತಾರೆ. ಅದೇ ಅಪ್ಪನಿಗೋ ಅಮ್ಮನಿಗೋ ವೈದ್ಯರು ‘ಕೊಲೊನೊಸ್ಕೋಪಿ’ ಮಾಡಿಸಲು ಬರೆದುಕೊಟ್ಟರೆ ಆ ಚೀಟಿ ಎಷ್ಟೋ ಸಲ ಬೀರುವಿನಲ್ಲೇ ಉಳಿದುಬಿಡುತ್ತದೆ. ಭಯಕ್ಕಿಂತ ಸಂಕೋಚವೇ ಇದಕ್ಕೆ ಕಾರಣ. ಮಲದಲ್ಲಿ ರಕ್ತ ಕಂಡರೂ ‘ಮೂಲವ್ಯಾಧಿ ಇರಬೇಕು’ ಎಂದು ತಾವೇ ತೀರ್ಮಾನಿಸಿ ತಿಂಗಳುಗಟ್ಟಲೆ ಸುಮ್ಮನಿರುವವರಿದ್ದಾರೆ. ಅದು ಮೂಲವ್ಯಾಧಿಯೇ ಇರಬಹುದು. ಆದರೆ ಕರುಳಿನ ಕ್ಯಾನ್ಸರ್‌ನಲ್ಲೂ ರಕ್ತ ಹೋಗುತ್ತದೆ. ಒಳಗೆ ನೋಡದೆ ಹೇಳುವಂತಿಲ್ಲ.

ದೊಡ್ಡ ಕರುಳಿನ ಉದ್ದ ಸುಮಾರು ಒಂದೂವರೆ ಮೀಟರ್. ತುದಿಯಲ್ಲಿ ದೀಪ ಮತ್ತು ಕ್ಯಾಮೆರಾ ಇರುವ ಬಳುಕುವ ಕೊಳವೆಯನ್ನು ಗುದದ್ವಾರದಿಂದ ಸೇರಿಸಿ ವೈದ್ಯರು ಅದರ ಒಳಮೈಯನ್ನು ನೋಡುತ್ತಾರೆ. ‘ಪಾಲಿಪ್’ ಎಂಬ ಗಂಟು ಕಂಡರೆ ಸಾಮಾನ್ಯವಾಗಿ ಆಗಲೇ ತಂತಿಯ ಕುಣಿಕೆ ಹಾಕಿ ತೆಗೆಯುತ್ತಾರೆ. 1969ರಲ್ಲಿ ನ್ಯೂಯಾರ್ಕಿನಲ್ಲಿ ಹಿರೋಮಿ ಶಿನ್ಯಾ ಮತ್ತು ವಿಲಿಯಂ ವುಲ್ಫ್ ಹೊಟ್ಟೆ ಕೊಯ್ಯದೆ ಹೀಗೆ ಪಾಲಿಪ್ ತೆಗೆದರು. ಕರುಳಿನ ಕ್ಯಾನ್ಸರ್ ಬಹುಮಟ್ಟಿಗೆ ಇಂಥ ಗಂಟುಗಳಿಂದಲೇ ವರ್ಷಗಟ್ಟಲೆ ಕಾಲ ತೆಗೆದುಕೊಂಡು ಬೆಳೆಯುತ್ತದೆ. ಆದ್ದರಿಂದ ಈ ಪರೀಕ್ಷೆ ರೋಗವನ್ನು ಪತ್ತೆ ಮಾಡುವುದಷ್ಟೇ ಅಲ್ಲ, ತಡೆಯಲೂ ಬಲ್ಲದು.

ಆದರೆ ಕರುಳು ಶುಚಿಯಾಗಿರದಿದ್ದರೆ ಸಣ್ಣ ಗಂಟುಗಳು ಮಲದ ಮರೆಯಲ್ಲಿ ಅಡಗುತ್ತವೆ. ಪರೀಕ್ಷೆಯನ್ನು ಮತ್ತೆ ಮಾಡಬೇಕಾಗಬಹುದು. ಆದ್ದರಿಂದ ಎರಡು ಮೂರು ದಿನ ಮೊದಲೇ ಸೊಪ್ಪು, ರಾಗಿ, ಕಾಳು, ಸೀಬೆ ಮತ್ತು ಟೊಮೆಟೊಗಳನ್ನು ಬಿಡಬೇಕು. ಬಿಳಿ ಅನ್ನ, ಮೊಸರು, ಮೊಟ್ಟೆ ತಿನ್ನಬಹುದು. ಹಿಂದಿನ ದಿನ ಎಳನೀರು, ಸೋಸಿದ ನಿಂಬೆ ಪಾನಕ, ಹಾಲಿಲ್ಲದ ಚಹಾದಂಥ ತಿಳಿ ದ್ರವಗಳು ಮಾತ್ರ. ಕೆಂಪು ಬಣ್ಣದ ಪಾನೀಯ ಬೇಡ. ಅದು ಒಳಗೆ ರಕ್ತದಂತೆ ಕಾಣುತ್ತದೆ.

ಭೇದಿಯ ಔಷಧವನ್ನು ಸಾಮಾನ್ಯವಾಗಿ 2ರಿಂದ 4 ಲೀಟರ್ ನೀರಿನಲ್ಲಿ ಬೆರೆಸಿ, ಅರ್ಧವನ್ನು ಹಿಂದಿನ ಸಂಜೆ, ಉಳಿದರ್ಧವನ್ನು ಪರೀಕ್ಷೆಗೆ 4ರಿಂದ 6 ತಾಸು ಮೊದಲು ಕುಡಿಯಲು ಹೇಳುತ್ತಾರೆ. ನಾಲ್ಕಾರು ಸಲ ಭೇದಿಯಾದೊಡನೆ ‘ಇನ್ನು ಸಾಕು’ ಎಂದು ನಿಲ್ಲಿಸುವುದೇ ದೊಡ್ಡ ತಪ್ಪು. ಹಳದಿ ತಿಳಿನೀರಿನಂತೆ ಹೋಗತೊಡಗಿದರೆ ಕರುಳು ಶುಚಿಯಾಗಿದೆ ಎಂದರ್ಥ; ಆಗಲೂ ಹೇಳಿದಷ್ಟನ್ನೂ ಕುಡಿದು ಮುಗಿಸಬೇಕು.

ಮಧುಮೇಹ, ಹೃದ್ರೋಗ, ಮೂತ್ರಪಿಂಡದ ತೊಂದರೆ ಇದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು. ಕಬ್ಬಿಣಾಂಶದ ಮಾತ್ರೆಯನ್ನು ಸುಮಾರು ಒಂದು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ, ಇನ್ಸುಲಿನ್‌ಗಳನ್ನು ಮಾತ್ರ ವೈದ್ಯರನ್ನು ಕೇಳದೆ ನಿಲ್ಲಿಸಲೂಬಾರದು, ಮುಂದುವರಿಸಲೂಬಾರದು.

ಪರೀಕ್ಷೆ ಅರ್ಧ ಮುಕ್ಕಾಲು ಗಂಟೆಯ ಕೆಲಸ. ಮಂಪರಿನ ಚುಚ್ಚುಮದ್ದು ಕೊಡುವುದರಿಂದ ಹೆಚ್ಚು ನೋವು ತಿಳಿಯುವುದಿಲ್ಲ. ಅನಂತರ ಸ್ವಲ್ಪ ಹೊತ್ತು ಹೊಟ್ಟೆ ಉಬ್ಬರಿಸಿದಂತಿರುತ್ತದೆ. ಆ ದಿನ ವಾಹನ ಓಡಿಸಬಾರದು. ಕರುಳು ತೂತಾಗುವುದು, ಹೆಚ್ಚು ರಕ್ತ ಹೋಗುವುದು ಅಪರೂಪ. ಆದರೂ ತೀವ್ರ ಹೊಟ್ಟೆನೋವು, ಜ್ವರ, ರಕ್ತಸ್ರಾವ ಕಂಡರೆ ಕೂಡಲೇ ಆಸ್ಪತ್ರೆಗೆ ಮರಳಬೇಕು.

ಪರೀಕ್ಷೆಯ ಫಲಿತಾಂಶ ಮಕ್ಕಳಿಗೂ ಸಂಬಂಧಿಸಿದ್ದು. ತಂದೆಗೋ ತಾಯಿಗೋ ಕರುಳಿನ ಕ್ಯಾನ್ಸರ್ ಬಂದಿದ್ದರೆ, ಮಕ್ಕಳು 40ನೇ ವಯಸ್ಸಿಗೆ, ಇಲ್ಲವೆ ಹೆತ್ತವರಿಗೆ ರೋಗ ಪತ್ತೆಯಾದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಮುಂಚೆಯೋ ಆಗ ಪರೀಕ್ಷೆ ಮಾಡಿಸಿಕೊಳ್ಳಬೇಕೆಂಬುದು ತಜ್ಞರ ಸಲಹೆ. ಆದ್ದರಿಂದ ಮನೆಯಲ್ಲಿ ಇದನ್ನು ಮುಚ್ಚಿಡಬಾರದು. ಕಾಲೇಜಿಗೆ ಹೋಗುವ ಮಗನೋ ಮಗಳೋ ಒಂದು ದಿನ ರಜೆ ಹಾಕಿ ಆಸ್ಪತ್ರೆಗೆ ಜೊತೆಯಲ್ಲಿ ಬಂದರೆ, ಹೆತ್ತವರ ಅರ್ಧ ಸಂಕೋಚ ಅಲ್ಲಿಗೇ ಕಳೆಯುತ್ತದೆ.